ಕ್ಲೋಸ್ಡ್ ಕ್ಯಾಪ್ಷನ್‌ಗೆ ಕನ್ನಡ ಪದ ಬೇಕು, ಜೊತೆಗೆ ಅಡ್ವೊಕಸಿಗೂ: ನಾಳೆ ಸಂಜೆಯೊಳಗೆ

ಕೇಳಿಕೆ, ಬೆಂಗಳೂರಿನಿಂದ

ಕಿವುಡರ ಹಕ್ಕುಗಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ನಾಲ್ಕು ನಿಮಿಷದ ವಿಡಿಯೊ, ಒಂದು ಪೋಸ್ಟರ್ ಸಿದ್ಧವಾಗುತ್ತಿವೆ. ವಿಷಯ ಇಷ್ಟೆ: ಆಸ್ಪತ್ರೆಯಲ್ಲಿ ಟೋಕನ್ ಸಂಖ್ಯೆಯನ್ನು ಬರಿ ಕೂಗಿ ಕರೆದರೆ ಕಿವುಡರ ಸರದಿ ತಪ್ಪುತ್ತದೆ, ಸಂಖ್ಯೆ ಪರದೆಯ ಮೇಲೂ ಬರಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಸೆಕ್ಷನ್ ವಿದ್ಯುನ್ಮಾನ ಮಾಧ್ಯಮದಲ್ಲಿ ಆಡಿಯೊ ಡಿಸ್ಕ್ರಿಪ್ಷನ್, ಸನ್ನೆಭಾಷೆಯ ಅನುವಾದ, ಕ್ಲೋಸ್ ಕ್ಯಾಪ್ಷನಿಂಗ್ ಮೂರನ್ನೂ ಹೆಸರಿಸಿ ಹೇಳುತ್ತದೆ. ಮೊದಲೆರಡಕ್ಕೆ ಪದ ಸಿಕ್ಕಿದೆ, ಮೂರನೆಯದಕ್ಕಿಲ್ಲ.

ವಿಡಿಯೊದಲ್ಲಿ ಎರಡು ಬಗೆಯ ಬರಹ ಇದೆ. ವೈದ್ಯರೊಬ್ಬರು ಹಿಂದಿಯಲ್ಲಿ ಮಾತಾಡುವಾಗ ಕೆಳಗೆ ಬರುವ ಕನ್ನಡ ಅನುವಾದ ಒಂದು, ಅದು ಸಬ್‌ಟೈಟಲ್. ಕನ್ನಡದ ಮಾತನ್ನೇ ಬರೆದು, ಯಾರು ಆಡಿದರು, ಹಿಂದೆ ಯಾವ ಸದ್ದು ಬಂತು ಎಂದೂ ತಿಳಿಸುವುದು ಇನ್ನೊಂದು, ಅದು ಕ್ಯಾಪ್ಷನ್. ಎರಡಕ್ಕೂ ‘ಅಡಿಬರಹ’ ಎಂದರೆ ಸಾಕೇ? ಪೋಸ್ಟರಿನ ಮೇಲೆ ‘ಅಡ್ವೊಕಸಿ ಅಭಿಯಾನ’ ಎಂದಿದೆ. ‘ವಕಾಲತ್ತು’ ಸಂಸ್ಥೆಯವರಿಗೆ ಹಿಡಿಸಿಲ್ಲ. ಪೋಸ್ಟರ್ ನಾಳೆ ಸಂಜೆ ಅಚ್ಚಿಗೆ.

ಮೈಸೂರಿನಿಂದ

ಅಡಿಬರಹ ಸಬ್‌ಟೈಟಲ್‌ಗೆ ಇರಲಿ. ಕ್ಯಾಪ್ಷನ್ ಎನ್ನುವುದರ ಬೇರು ಲ್ಯಾಟಿನ್ನಿನ ‘ಕಾಪುತ್’, ಅಂದರೆ ತಲೆ. ಆದ್ದರಿಂದ ‘ತಲೆಬರಹ’. ಎರಡೂ ಪಾಲು ಅಚ್ಚಗನ್ನಡ, ಸಂಸ್ಕೃತಕ್ಕೆ ಕನ್ನಡ ಬೆರೆಸುವ ಅರಿಸಮಾಸದ ಅಂಜಿಕೆಯಿಲ್ಲ.

ಧಾರವಾಡದಿಂದ

ತಪ್ಪು. ಅದು ‘ಕಾಪೆರೆ’, ಹಿಡಿ ಎಂಬ ಅರ್ಥದ ಕ್ರಿಯಾಪದ. ‘ಕ್ಯಾಪ್ಚರ್’ ಕೂಡ ಅಲ್ಲಿಂದಲೇ ಬಂದದ್ದು. ತಲೆಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ತಲೆಬರಹ ಎಂದರೆ ಪತ್ರಿಕೆಯ ಹೆಡ್‌ಲೈನು, ಅಡಿಯಲ್ಲಿ ಕಾಣುವುದಕ್ಕೆ ಆ ಹೆಸರು ಯಾಕೆ? ‘ಶೀರ್ಷಿಕೆ’ ಎನ್ನುವವರಿಗೂ ಇದೇ ಉತ್ತರ.

‘ಕ್ಲೋಸ್ಡ್’ ಅನ್ನು ‘ಮುಚ್ಚಿದ’ ಎಂದು ಮಾತ್ರ ಮಾಡಬೇಡಿ. 1980ರಲ್ಲಿ ಅಮೆರಿಕದ ಟಿವಿಯಲ್ಲಿ ಇದು ಶುರುವಾದಾಗ ಬರಹವನ್ನು ಚಿತ್ರಸಂಕೇತದ 21ನೇ ಗೆರೆಯಲ್ಲಿ ಅಡಗಿಸಿ ಕಳಿಸುತ್ತಿದ್ದರು. ಡಿಕೋಡರ್ ಪೆಟ್ಟಿಗೆ ಇದ್ದ ಮನೆಯಲ್ಲಷ್ಟೇ ಅದು ಕಾಣುತ್ತಿತ್ತು. ಬೇಕಾದವರು ಹಾಕಿಕೊಳ್ಳುವ, ಬೇಡದವರು ತೆಗೆಯುವ ಬರಹ ಅಂತಲೇ ಅದರ ಅರ್ಥ. ಚಿತ್ರಕ್ಕೇ ಅಂಟಿಸಿದ್ದು ಓಪನ್.

ಮಂಗಳೂರಿನಿಂದ

‘ತೆರೆಬರಹ’ ಹೇಗೆ? ತೆರೆ ಎಂದರೆ ಪರದೆ.

ಧಾರವಾಡದಿಂದ

ತೆರೆ ಎಂದರೆ ಓಪನ್ ಕೂಡ. ಕ್ಲೋಸ್ಡ್ ಕ್ಯಾಪ್ಷನ್ ‘ಮುಚ್ಚಿದ ತೆರೆಬರಹ’ ಆಗುತ್ತದೆ. ನಿಮ್ಮೂರಿನ ಕಡಲ ತೆರೆ ಬೇರೆ ಉಳಿಯಿತು.

ಶಿವಮೊಗ್ಗದಿಂದ, ಸಂಕಲನದ ಕೆಲಸದವರು

ಹೆಸರು ಆಮೇಲೆ ಇಡಿ, ಮೊದಲು ಫೈಲು ಕೆಡದಂತೆ ನೋಡಿಕೊಳ್ಳಿ. ಅಚ್ಚಿಗೆ ಹೋದ ಪೋಸ್ಟರಿಗಿಂತ ವಿಡಿಯೊದಲ್ಲಿ ಕನ್ನಡ ಕೆಡುವುದು ಹೆಚ್ಚು.

ಅನುವಾದಕರು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದರೆ ಅದು ಅಡಿಬರಹದ ಎಸ್‌ಆರ್‌ಟಿ ಫೈಲಿನೊಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯುನಿಕೋಡಿಗೆ ಬದಲಿಸಿ, ಯುಟಿಎಫ್-8 ಆಗಿ ಉಳಿಸಿ. ಬದಲಿಸಿದ ಮೇಲೆ ‘ಸಬ್‌ಟೈಟಲ್’, ‘ಆಫ್‌ಲೈನ್’ ಥರದ ಪದಗಳನ್ನು ಒಮ್ಮೆ ಹುಡುಕಿ. ನಡುವಿನ ಕಾಣದ ಬಿಡಿಸುಗುರುತು ಬಿದ್ದುಹೋಗಿದ್ದರೆ ‘ಸಬ್ಟೈಟಲ್’ ಎಂದು ಒತ್ತಕ್ಷರ ಕೂಡಿಬಿಟ್ಟಿರುತ್ತದೆ.

ಸಾಲಿನ ಉದ್ದ ಇನ್ನೊಂದು ತೊಡಕು. ಒಂದು ಸಾಲಿಗೆ 42 ಅಕ್ಷರ ಎಂಬ ರೂಢಿಯ ಲೆಕ್ಕ ರೋಮನ್ ಲಿಪಿಯದು. ಸಾಫ್ಟ್‌ವೇರ್ ಎಣಿಸುವುದು ಯುನಿಕೋಡ್ ಬಿಂದುಗಳನ್ನು, ಅಂದರೆ ಒಂದು ಅಕ್ಷರದೊಳಗಿನ ಬಿಡಿಬಿಡಿ ಸಂಕೇತಗಳನ್ನು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ‘ರಾಷ್ಟ್ರ’ ನಮಗೆ ಎರಡು, ಅದಕ್ಕೆ ಏಳು. ಎಚ್ಚರಿಕೆಯ ಕೆಂಪು ಬಣ್ಣ ನಂಬದೆ ಪರದೆಯ ಮೇಲಿನ ಅಗಲ ನೋಡಿ ಮುರಿಯಿರಿ. ಎರಡೇ ಸಾಲು ಇರಲಿ. ಒಂದು ತುಣುಕು ಒಂದು ಸೆಕೆಂಡಿಗಿಂತ ಕಡಿಮೆಯೂ ಬೇಡ, ಆರೇಳು ಸೆಕೆಂಡಿಗಿಂತ ಹೆಚ್ಚೂ ಬೇಡ. ‘ಬರಬೇಕಾಗಿಲ್ಲವೆಂದಿದ್ದಾರೆ’ ಥರದ್ದನ್ನು ‘ಬರಬೇಕಾಗಿಲ್ಲ ಎಂದಿದ್ದಾರೆ’ ಎಂದು ಸಂಧಿ ಬಿಡಿಸಿ ಬರೆಯಿರಿ, ಸಾಲು ಮುರಿಯಲು ಜಾಗ ಸಿಗುತ್ತದೆ.

ಇಂಗ್ಲಿಷಿಗೆ ಹೊಂದಿಸಿದ ಸಾಲಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಕಪ್ಪು ಪಟ್ಟಿ ಹಾಕಿದರೆ ಕೆಳಸಾಲಿನ ಒತ್ತು ಪಟ್ಟಿಯಾಚೆ ಇಣುಕುತ್ತದೆ. ಸಾಲಂತರ ಹೆಚ್ಚಿಸಿ, ಪಟ್ಟಿಯ ಕೆಳಗೂ ಜಾಗ ಬಿಡಿ. ಸಂಕಲನದ ತಂತ್ರಾಂಶ ಪ್ರೀಮಿಯರ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಬಿದ್ದರೆ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸಿಲ್ಲ ಎಂದು ತಿಳಿಯಿರಿ. ವಾಟ್ಸಾಪಿನಲ್ಲಿ ಹರಿಯಬಿಡುವ ಪ್ರತಿಗೆ ಬರಹವನ್ನು ಚಿತ್ರಕ್ಕೇ ಅಂಟಿಸಬೇಕು, ಅಲ್ಲಿ ಬೇರೆ ಫೈಲು ಜೊತೆಗೆ ಸಾಗುವುದಿಲ್ಲ. ಹಾಗಾಗಿ ‘ಕ್ಲೋಸ್ಡ್’ ಎಂಬ ಮಾತು ಯೂಟ್ಯೂಬಿನ ಪ್ರತಿಗಷ್ಟೇ ನಿಜ.

ಮೈಸೂರಿನಿಂದ

ಸಮಯದ ಅಂಕಿಗಳನ್ನಾದರೂ ಕನ್ನಡದಲ್ಲಿ ಹಾಕಬಾರದೇ? ೦೦:೦೧ ಎಂದು.

ಶಿವಮೊಗ್ಗದಿಂದ

ಹಾಕಿ ನೋಡಿ. ಒಂದು ಸಾಲೂ ಪರದೆಯ ಮೇಲೆ ಬರುವುದಿಲ್ಲ. ಎಸ್‌ಆರ್‌ಟಿಯಲ್ಲಿ ಮಿಲಿಸೆಕೆಂಡಿನ ಮುಂಚೆ ಅಲ್ಪವಿರಾಮ, ಇನ್ನೊಂದು ಬಗೆಯ ಅಡಿಬರಹ ಫೈಲಾದ ವೆಬ್‌ವಿಟಿಟಿಯಲ್ಲಿ ಚುಕ್ಕಿ. ಅಷ್ಟು ಅದಲುಬದಲಾದರೂ ಓದದ ಪ್ಲೇಯರ್‌ಗಳಿವೆ. ಕನ್ನಡದ ಅಂಕಿ ಪೋಸ್ಟರಿನಲ್ಲಿ ಹಾಕಿ, ಯಾರೂ ಬೇಡ ಅನ್ನುವುದಿಲ್ಲ.

ಹೊಸಪೇಟೆಯಿಂದ

‘ದನಿಬರಹ’. ದನಿ ತದ್ಭವ, ಬರಹ ಕನ್ನಡ, ಸಮಾಸ ಶುದ್ಧ. ಅನುವಾದಕ್ಕೆ ಅಡಿಬರಹ, ಕ್ಯಾಪ್ಷನ್‌ಗೆ ದನಿಬರಹ. ಅಡ್ವೊಕಸಿಗೆ ‘ಪರದನಿ’. ಆ ಪದದ ಲ್ಯಾಟಿನ್ ಬೇರಿನಲ್ಲೂ ‘ಕರೆ’, ‘ದನಿ’ ಇವೆ. ಎರಡು ಪದಕ್ಕೂ ಒಂದೇ ಎಳೆ ಸಿಕ್ಕಿತು.

ಧಾರವಾಡದಿಂದ

‘ಕನ್ನಡಪರ’ ಎನ್ನುವಾಗ ಪರ ಕೊನೆಯಲ್ಲಿದೆ, ‘ಕಡೆಯ’ ಎಂಬ ಅರ್ಥ. ಮೊದಲಿಗೆ ಬಂದರೆ ಪರಭಾಷೆ, ಪರಊರು, ಪರಸ್ತ್ರೀ. ಪರದನಿ ಎಂದರೆ ಬೇರೆಯವರ ದನಿ. ಸಾಲದ್ದಕ್ಕೆ ಸಂಸ್ಕೃತದ ಪರಕ್ಕೆ ತದ್ಭವದ ದನಿ ಕೂಡಿಸಿದ್ದೀರಿ. ಶುದ್ಧ ಎಂದವರು ನೀವೇ.

ಹೊಸಪೇಟೆಯಿಂದ

‘ಅಡಿಟಿಪ್ಪಣಿ’ಯನ್ನು ದಿನಾ ಅಚ್ಚು ಮಾಡುವವರು ಅರಿಸಮಾಸದ ಮಾತಾಡಬಾರದು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ.

ಧಾರವಾಡದಿಂದ

ಪೂರ್ವಕವಿಗಳಿಗೆ. ನಿಮಗಲ್ಲ.

ಹುಬ್ಬಳ್ಳಿಯಿಂದ, ಕಿವುಡ ಮಕ್ಕಳ ಶಾಲೆಗಳೊಂದಿಗೆ ಕೆಲಸ ಮಾಡುವವರು

ಕಿವುಡರ ಸಂಸ್ಥೆಗೆ ನಾಲ್ಕು ಓಲೆಯಿಂದ ‘ದನಿ’ ಕಟ್ಟುತ್ತಿದ್ದೀರಿ, ಯಾರಿಗೂ ಕಸಿವಿಸಿ ಆಗಲಿಲ್ಲವೇ? ‘ದನಿಯಿಲ್ಲದವರ ದನಿ’ ಎಂಬ ಮಾತು ಅವರಿಗೆ ರುಚಿಸುವುದಿಲ್ಲ. ಅವರಿಗೆ ಭಾಷೆ ಇದೆ, ಅದು ಕೈಯಲ್ಲಿದೆ. ಅಂಗವಿಕಲರ ಚಳವಳಿಯ ಘೋಷವಾಕ್ಯವೇ ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’. ಅವರ ಪರವಾಗಿ ಇನ್ನೊಬ್ಬರು ದನಿ ಎತ್ತುವ ‘ಪರದನಿ’ ಅದಕ್ಕೆ ನೇರ ಎದುರು. ‘ವಕಾಲತ್ತು’ ಹಿಡಿಸದೆ ಇದ್ದದ್ದಕ್ಕೂ ಇದೇ ಕಾರಣ ಇರಬೇಕು: ವಕಾಲತ್ತು ವಹಿಸುವವನು ಯಾವತ್ತೂ ಇನ್ನೊಬ್ಬ.

‘ಹಕ್ಕೊತ್ತಾಯ’ ಇದೆಯಲ್ಲ. ಸಮಾವೇಶದ ಬ್ಯಾನರಿನಲ್ಲಿ, ಮನವಿಪತ್ರದಲ್ಲಿ ಎಲ್ಲ ಕಡೆ ಓಡಾಡುತ್ತಿದೆ. ಒತ್ತಾಯಿಸುವವರು ಹಕ್ಕುದಾರರೇ.

ಕ್ಯಾಪ್ಷನ್ ಬರೆಯುವವರಿಗೆ ಒಂದು ಮಾತು. ಸದ್ದಿಗೆ ಅನುಕರಣಾವ್ಯಯ ಹಾಕುವ ಚಪಲ ಕನ್ನಡಿಗರಿಗೆ ಜಾಸ್ತಿ: ದಡದಡ, ಗಿಜಿಗಿಜಿ, ಚಟಪಟ. ಹುಟ್ಟಿನಿಂದ ಕೇಳದವರಿಗೆ ‘ದಡದಡ’ ಬರಿ ನಾಲ್ಕು ಅಕ್ಷರ. ‘ಯಾರೋ ಬಾಗಿಲನ್ನು ಜೋರಾಗಿ ಬಡಿಯುತ್ತಿದ್ದಾರೆ’ ಎಂದು ಸದ್ದಿನ ಮೂಲ ಬರೆಯಿರಿ. ಆಡುವವರು ಚೌಕಟ್ಟಿನಲ್ಲಿ ಕಾಣದಿದ್ದರೆ ‘ನರ್ಸ್:’ ಎಂದು ಮೊದಲೇ ಹಾಕಿ. ಈ ವಿಡಿಯೊದಲ್ಲಿ ಟೋಕನ್ ಕೂಗುವುದೇ ಮುಖ್ಯ ಘಟನೆ, ಅದಕ್ಕೆ ಬರಹ ಇಲ್ಲದಿದ್ದರೆ ಕಥೆಯೇ ಇಲ್ಲ. ಸನ್ನೆಭಾಷೆಯವರ ಕಿಟಕಿ ಬಲಗಡೆ ಇದ್ದರೆ ಅಡಿಬರಹವನ್ನು ಎಡಕ್ಕೆ ಸರಿಸಿ. ಕಿಟಕಿಯಲ್ಲಿ ಸೊಂಟದಿಂದ ತಲೆಯ ಮೇಲಿನವರೆಗೂ ಕಾಣಬೇಕು, ಕೈ ಚೌಕಟ್ಟಿನಾಚೆ ಹೋದರೆ ಮಾತು ತುಂಡಾದಂತೆ.

ಮೈಸೂರಿನಿಂದ

‘ಹಕ್ಕು’ ಅರಬ್ಬಿ.

ಧಾರವಾಡದಿಂದ

ಅರಬ್ಬಿಯೇ. ‘ವಕೀಲ’, ‘ಕಾನೂನು’, ‘ಅರ್ಜಿ’ ಕೂಡ. ಅಚ್ಚಗನ್ನಡದ ಅರ್ಜಿಯೊಂದನ್ನು ಮೈಸೂರಿನ ತಾಲ್ಲೂಕು ಕಚೇರಿಗೆ ಕೊಟ್ಟು ಬನ್ನಿ. ‘ತಾಲ್ಲೂಕು’, ‘ಕಚೇರಿ’ ಎರಡೂ ಬೇಡ.

ಮೈಸೂರಿನಿಂದ

ಬಂದದ್ದನ್ನು ಓಡಿಸಿ ಎಂದಿಲ್ಲ. ಹೊಸದಾಗಿ ಕಟ್ಟುವಾಗಲಾದರೂ ನಮ್ಮ ಮಣ್ಣಿನಿಂದ ಕಟ್ಟಿ ಎಂದಿದ್ದು. ಸಾಲವನ್ನೇ ರೂಢಿ ಮಾಡಿಕೊಂಡರೆ ಇನ್ನು ಹತ್ತು ವರ್ಷಕ್ಕೆ ಪೋಸ್ಟರಿನಲ್ಲಿ ಕನ್ನಡ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮಂಗಳೂರಿನಿಂದ

ಸಾಲದ ಮಾತಿರಲಿ, ಅರ್ಥದ ಮಾತಿದೆ. ಸಂಸ್ಥೆಗಳು ಅಡ್ವೊಕಸಿ ಎಂಬ ಪದವನ್ನೇ ಆರಿಸುವುದು ಅದು ಹತ್ತಿಯಷ್ಟು ಮೆತ್ತಗಿದೆ ಎಂದು. ಅಧಿಕಾರಿಗಳ ಜೊತೆ ಕೂತು ಮಾತಾಡುವುದು, ಕರಡು ತಿದ್ದಿಕೊಡುವುದು, ವಿಡಿಯೊ ಮಾಡುವುದು ಎಲ್ಲ ಅದರೊಳಗಿದೆ. ಹಕ್ಕೊತ್ತಾಯ ಎಂದ ಕೂಡಲೇ ಕೈಯಲ್ಲಿ ಫಲಕ ಬರುತ್ತದೆ. ಕೇಳಿದವರು ಸಂಸ್ಥೆಯನ್ನು ಒಮ್ಮೆ ವಿಚಾರಿಸಲಿ, ಫಲಕ ಬೇಕೋ ಬೇಡವೋ ಎಂದು.

ಕೇಳಿಕೆಯವರಿಂದ

ವಿಚಾರಿಸಿದ್ದಾಯಿತು, ಫಲಕವೇ ಬೇಕಂತೆ. ‘ಹಕ್ಕೊತ್ತಾಯ ಅಭಿಯಾನ’ ಎಂದು ಹೋಗುತ್ತಿದೆ. ಎರಡು ಬಗೆಯ ಬರಹಕ್ಕೆ ಬೇರೆ ಬೇರೆ ಹೆಸರು ಇಟ್ಟಿಲ್ಲ. ಪೋಸ್ಟರಿನ ಕೆಳಗೆ ‘ವಿಡಿಯೊದಲ್ಲಿ ಸದ್ದುಗಳನ್ನೂ ತಿಳಿಸುವ ಅಡಿಬರಹ ಇದೆ’, ಯೂಟ್ಯೂಬಿನ ವಿವರಣೆಯಲ್ಲಿ ‘ಅಡಿಬರಹ ಬೇಕಾದರೆ ಸಿಸಿ ಗುಂಡಿ ಒತ್ತಿ’. ಗುಂಡಿಯ ಮೇಲಿರುವುದು ಆ ಎರಡು ಅಕ್ಷರವೇ ಆದ್ದರಿಂದ ‘ಸಿಸಿ’ ಉಳಿಸಿಕೊಂಡಿದೆ.

ಮೈಸೂರಿನಿಂದ

‘ಅಭಿಯಾನ’ ಎಂದರೆ ಸಂಸ್ಕೃತದಲ್ಲಿ ದಂಡೆತ್ತಿ ಹೋಗುವುದು.

ಧಾರವಾಡದಿಂದ

ಇಂಗ್ಲಿಷಿನ ‘ಕ್ಯಾಂಪೇನ್’ ಕೂಡ ಅದೇ. ಅಚ್ಚಿಗೆ ಹೋಗಲಿ ಬಿಡಿ.