ಸಹಾಯ ಬೇಕು: ಆಲ್ದೂರು ಕಡೆ ಬೆಟ್ಟದ ಮೇಪಲ್ ಬದುಕುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರು ಹತ್ತಿರ ಕಾಫಿ ತೋಟ. ಅಮೆರಿಕದ ವರ್ಮಾಂಟ್‌ನಲ್ಲಿರುವ ತಂಗಿ ಮುಂದಿನ ಸಲ ಬರುವಾಗ ಅಲ್ಲಿನ ಕಾಡಿನ ಮೌಂಟನ್ ಮೇಪಲ್ ಬೀಜ ತರ್ತೀನಿ ಅಂತಿದ್ದಾಳೆ. ಏಸರ್ ಸ್ಪೈಕೇಟಮ್ ಅಂತ ಇದರ ಶಾಸ್ತ್ರೀಯ ಹೆಸರು. ಸಿರಪ್‌ಗೆ ಹೆಸರಾದ ಶುಗರ್ ಮೇಪಲ್ ಬೇರೆ. ಇದು ದೊಡ್ಡ ಮರಗಳ ನೆರಳಲ್ಲಿ, ತೇವದ ಜಾಗದಲ್ಲಿ ಪೊದೆಯಂತೆ ಬೆಳೆಯುವ ಜಾತಿ. ಎತ್ತರ ಸುಮಾರು 3ರಿಂದ 8 ಮೀಟರ್ ಅಷ್ಟೇ.

ಅವಳು ಕಳಿಸಿದ ಫೋಟೋ ನೋಡಿಯೇ ಆಸೆ ಹುಟ್ಟಿದ್ದು. ಎಲೆಗೆ ಮೂರು ಸೀಳು, ಅಂಚಲ್ಲಿ ಒರಟು ಹಲ್ಲು. ನರಗಳು ಒಳಗೆ ಇಳಿದು ಮೇಲ್ಭಾಗ ಸುಕ್ಕುಗಟ್ಟಿದೆ. ಜೋಡಿ ರೆಕ್ಕೆಯ ಕೆಂಪು ಕಾಯಿಗಳು ಗೊಂಚಲಲ್ಲಿ ನೇತಾಡುತ್ತವೆ.

ನನ್ನ ಚಿಂತೆ ಚಳಿಯದ್ದು. ಬೀಜ ಮೊಳೆಯೋಕೆ ಕೆಲವು ತಿಂಗಳು ಒದ್ದೆ ಮರಳಿನಲ್ಲಿ ತಣ್ಣಗಿರಬೇಕು. ಅದಕ್ಕೆ ಫ್ರಿಡ್ಜ್ ಸಾಕು, ಮನೆಯವರು ಒಂದು ಮೂಲೆ ಬಿಟ್ಟುಕೊಟ್ಟರೆ! ಆದರೆ ಗಿಡಕ್ಕೂ ಪ್ರತಿ ವರ್ಷ ಎಲೆ ಉದುರಿಸಿ ಮಲಗುವಷ್ಟು ಚಳಿ ಬೇಕಲ್ವಾ? ನಮ್ಮಲ್ಲಿ ಮುಳ್ಳಯ್ಯನಗಿರಿಯ ತುದಿಯಲ್ಲೂ ಹಿಮ ಬೀಳಲ್ಲ. ಮೇಲಿಂದ ಜುಲೈ ಮಳೆ, ಬೇರು ಕೊಳೆಯೋ ಭಯ ಬೇರೆ.

ಕೆಮ್ಮಣ್ಣುಗುಂಡಿ, ಕೊಡಗು, ಊಟಿ ಕಡೆ ಯಾವುದಾದರೂ ಮೇಪಲ್ ಬೆಳೆಸಿದವರಿದ್ದರೆ ದಯವಿಟ್ಟು ಹೇಳಿ. ನನಗನ್ನಿಸೋದು, ಹಿಮಾಲಯದ ತಪ್ಪಲಿನ ಏಸರ್ ಆಬ್ಲಾಂಗಮ್ ಇಲ್ಲಿಗೆ ವಾಸಿ. ಅದರ ಎಲೆಗೆ ಸೀಳಿಲ್ಲ, ಆದರೆ ಅಷ್ಟು ಚಳಿ ಕೇಳಲ್ಲ. ಅದರ ಸಸಿ ಯಾವ ನರ್ಸರಿಯಲ್ಲಿ ಸಿಗಬಹುದು?

ವಿದೇಶಿ ಬೀಜ ತರೋಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು ಅಂತ ಗೊತ್ತು. ಸುಮ್ನೆ ಬ್ಯಾಗಲ್ಲಿ ಹಾಕ್ಕೊಂಡು ಬರಬೇಡ ಅಂತ ತಂಗಿಗೆ ಹೇಳಿದ್ದೇನೆ. ಈ ಕಾಗದಪತ್ರ ಮಾಡಿಸಿದ ಅನುಭವ ಇರುವವರೂ ತಿಳಿಸಿ.