ನೀರಲ್ಲಿಟ್ಟ ಚಿನ್ನಕ್ಕೆ ಲೇಸರ್: ಗುಲಾಬಿ ಬಣ್ಣ ಮರುದಿನ ನೀಲಿ ಆಗುತ್ತಿದೆ, ಯಾಕೆ?

ಎಂಎಸ್ಸಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ಚಿನ್ನದ ನ್ಯಾನೊ ಕಣ ಮಾಡುತ್ತಿದ್ದೇನೆ. ಬೀಕರ್ ತಳದಲ್ಲಿ ಚಿನ್ನದ ತಗಡು, ಅದರ ಮೇಲೆ ಎರಡು ಸೆಂಟಿಮೀಟರ್ ಡಿಸ್ಟಿಲ್ಡ್ ವಾಟರ್, ಮೇಲಿಂದ ಲೆನ್ಸ್ ಮೂಲಕ ಎನ್‌ಡಿ-ಯಾಗ್ ಲೇಸರಿನ 532 ನ್ಯಾನೊಮೀಟರ್ ಬೆಳಕು, ಸೆಕೆಂಡಿಗೆ 10 ಪಲ್ಸ್. ಶುರುವಿನಲ್ಲಿ ಚೆನ್ನಾಗಿ ಗುಲಾಬಿ ಬಣ್ಣ ಬರುತ್ತದೆ. ಆಮೇಲೆ ಎಷ್ಟು ಹೊಡೆದರೂ ಬಣ್ಣ ಏರುವುದಿಲ್ಲ. ಬಾಟಲಿಗೆ ಹಾಕಿಟ್ಟರೆ ಮರುದಿನ ನೇರಳೆ, ಆಮೇಲೆ ನೀಲಿ, ತಳದಲ್ಲಿ ಕಪ್ಪು ಪುಡಿ. ಸೀನಿಯರ್ ಒಬ್ಬರು ಕಣಗಳು ಅಂಟಿಕೊಳ್ಳದಂತೆ ಪಿವಿಪಿ ಎಂಬ ಪಾಲಿಮರ್ ಹಾಕು ಎನ್ನುತ್ತಾರೆ. ಆದರೆ ನನಗೆ ಈ ಕಣಗಳ ಮೇಲೆ ಬೇರೆ ಅಣುವಿನ ರಾಮನ್ ಸಿಗ್ನಲ್ (ಚದುರಿದ ಬೆಳಕಿನಲ್ಲಿ ಅಣುವಿನ ಗುರುತು ಹೇಳುವ ಗೆರೆಗಳು) ನೋಡಬೇಕು, ಪಾಲಿಮರ್ ಹಾಕಿದರೆ ಅದರ ಗೆರೆಗಳೂ ಜೊತೆಗೆ ಬರುತ್ತವೆ ಅಲ್ವಾ?

ಬೆಳಕಿನ_ಬೆನ್ನುಹತ್ತಿ:
ಬರುತ್ತವೆ. ಪಿವಿಪಿ ಸದ್ಯಕ್ಕೆ ಬೇಡ. ಮೊದಲು ಬಣ್ಣ ಏರದೇ ಇರುವುದಕ್ಕೆ ಕಾರಣ ನೋಡೋಣ.

ಚಿನ್ನದ ಕಣ ಹೆಚ್ಚು ಬೆಳಕು ಹೀರುವುದೇ 520 ನ್ಯಾನೊಮೀಟರ್ ಆಸುಪಾಸಿನಲ್ಲಿ. ನೀವು ಹೊಡೆಯುತ್ತಿರುವುದು 532. ಅಂದರೆ ಒಂದಷ್ಟು ಕಣ ಹುಟ್ಟಿದ ಮೇಲೆ ಅವೇ ಬೆಳಕನ್ನು ನುಂಗುತ್ತವೆ, ತಗಡಿಗೆ ತಲುಪುವುದು ಕಡಿಮೆ ಆಗುತ್ತಾ ಹೋಗುತ್ತದೆ. ಅದೇ ಲೇಸರಿನ ಮೂಲ ತರಂಗಾಂತರ 1064 ನ್ಯಾನೊಮೀಟರಿಗೆ ಬದಲಾಯಿಸಿ. 532 ಬೇಕಾಗುವುದು ಆಮೇಲೆ, ತಗಡು ತೆಗೆದು ಬರೀ ದ್ರಾವಣಕ್ಕೆ ಹೊಡೆದು ದೊಡ್ಡ ಕಣಗಳನ್ನು ಒಡೆಯುವುದಕ್ಕೆ.

ಆದರೆ 1064ನ್ನು ನೀರು ಸ್ವಲ್ಪ ಹೀರುತ್ತದೆ, ಸೆಂಟಿಮೀಟರಿಗೆ ಸುಮಾರು ಎಂಟರಲ್ಲೊಂದು ಪಾಲು. ಎರಡು ಸೆಂಟಿಮೀಟರ್ ನೀರು ಜಾಸ್ತಿ ಆಯಿತು, ಅರ್ಧದಿಂದ ಒಂದಕ್ಕೆ ಇಳಿಸಿ. ಅದಕ್ಕಿಂತ ಕಡಿಮೆ ಮಾಡಿದರೆ ನೀರು ಲೆನ್ಸಿಗೆ ಸಿಡಿಯುತ್ತದೆ, ಹನಿ ಕೂತ ಜಾಗದಲ್ಲಿ ಲೆನ್ಸಿನ ಕೋಟಿಂಗ್ ಸುಡುತ್ತದೆ. ಇನ್ನೊಂದು, ನೀರೊಳಗೆ ಬೆಳಕು ಬಾಗುವುದರಿಂದ ಫೋಕಸ್ ಕೆಳಗೆ ಸರಿಯುತ್ತದೆ. ಒಂದು ಸೆಂಟಿಮೀಟರ್ ನೀರಿಗೆ ಸುಮಾರು ಎರಡೂವರೆ ಮಿಲಿಮೀಟರ್. ನೀರಿಲ್ಲದೆ ಫೋಕಸ್ ಇಟ್ಟು ಆಮೇಲೆ ನೀರು ಸುರಿದರೆ ಲೆಕ್ಕ ತಪ್ಪುತ್ತದೆ. ಲೆನ್ಸನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡುತ್ತಾ ಶಬ್ದ ಕೇಳಿ. ಮಂದವಾಗಿ ಕೇಳುವ ಟಕ್ ಟಕ್ ಒಂದು ಕಡೆ ಚಟ್ ಚಟ್ ಎಂದು ಚುರುಕಾಗುತ್ತದೆ, ಜಾಗ ಅಲ್ಲೇ ಇದೆ. ನೀರಿನೊಳಗೇ ಕಿಡಿ ಕಂಡರೆ ಫೋಕಸ್ ತುಂಬಾ ಮೇಲಿದೆ ಎಂದರ್ಥ.

ತಗಡನ್ನು ಒಂದೇ ಕಡೆ ಇಡಬೇಡಿ, ಸರಿಸುತ್ತಿರಿ. ಒಂದೇ ಜಾಗಕ್ಕೆ ಹೊಡೆದರೆ ಗುಂಡಿ ಬೀಳುತ್ತದೆ, ಅದರ ಮೇಲೆ ಕಣಗಳ ಮೋಡ, ಗಾಳಿಗುಳ್ಳೆ ಎಲ್ಲಾ ನಿಂತು ಮುಂದಿನ ಪಲ್ಸಿಗೆ ಅಡ್ಡ ಬರುತ್ತವೆ.

ಕೊಲಾಯ್ಡ್_ಕಾಕಾ:
ನೀಲಿ ಆಗುವುದರ ಬಗ್ಗೆ ನಾನು ಹೇಳುತ್ತೇನೆ. ಲೇಸರಿನಿಂದ ಹುಟ್ಟಿದ ಚಿನ್ನದ ಕಣದ ಮೇಲ್ಮೈಯಲ್ಲಿ ಕೆಲವು ಪರಮಾಣು ಆಕ್ಸಿಡೈಸ್ ಆಗಿರುತ್ತವೆ, ಅದರಿಂದ ಕಣಕ್ಕೆ ಋಣ ಚಾರ್ಜ್. ಒಂದನ್ನೊಂದು ದೂರ ಇಡುವುದು ಆ ಚಾರ್ಜ್ ಮಾತ್ರ. ನೀರಿನಲ್ಲಿ ಅಥವಾ ಗಾಜಿನಲ್ಲಿ ಉಪ್ಪಿನ ಅಂಶ ಉಳಿದಿದ್ದರೆ ಚಾರ್ಜಿನ ಪ್ರಭಾವ ಮುಚ್ಚಿಹೋಗಿ ಕಣಗಳು ಅಂಟಿಕೊಳ್ಳುತ್ತವೆ, ಬಣ್ಣ ನೀಲಿ. ಹಾಗಾಗಿ ಡಿಸ್ಟಿಲ್ಡ್ ಸಾಲದು, ಮಿಲಿ-ಕ್ಯೂ ನೀರು (ಅಯಾನುಗಳನ್ನೂ ತೆಗೆದ ಅತಿ ಶುದ್ಧ ನೀರು) ಹುಡುಕಿ. ಬೀಕರ್, ಬಾಟಲಿ ಎರಡನ್ನೂ ಆಕ್ವಾ ರೀಜಿಯಾದಲ್ಲಿ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣ) ತೊಳೆಯಿರಿ, ಫ್ಯೂಮ್ ಹುಡ್ ಒಳಗೇ.

ವಿಚಿತ್ರ ಅನಿಸಬಹುದು, ಆದರೆ ತೀರಾ ಕಡಿಮೆ ಉಪ್ಪು ಒಳ್ಳೆಯದನ್ನೇ ಮಾಡುತ್ತದೆ. ಲೀಟರಿಗೆ 6 ಮಿಲಿಗ್ರಾಂ ಸೋಡಿಯಂ ಕ್ಲೋರೈಡ್, ಅಂದರೆ ಸುಮಾರು 100 ಮೈಕ್ರೋಮೋಲಾರ್, ಲೇಸರ್ ಹೊಡೆಯುವ ಮೊದಲೇ ನೀರಿಗೆ ಹಾಕಿ. ಕ್ಲೋರೈಡ್ ಮೇಲ್ಮೈಗೆ ಕೂತು ಚಾರ್ಜ್ ಹೆಚ್ಚಿಸುತ್ತದೆ, ಕಣಗಳೂ ಸಣ್ಣದಾಗುತ್ತವೆ. ಇದರ ಸಾವಿರ ಪಟ್ಟು ಹಾಕಿದರೆ ಕಣ್ಣೆದುರೇ ನೀಲಿ ಆಗುತ್ತದೆ.

ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂದು ಅಳೆಯುವ ಯುವಿ-ವಿಸ್‌ನಲ್ಲಿ ಬರೀ 520ರ ಪೀಕ್ ನೋಡಬೇಡಿ. 600ರಿಂದ 800ರವರೆಗಿನ ಬಾಲ ದಿನೇ ದಿನೇ ಏಳುತ್ತಿದೆಯಾ ನೋಡಿ, ಕಣ್ಣಿಗೆ ಕಾಣುವ ಮೊದಲೇ ಅಲ್ಲಿ ಗೊತ್ತಾಗುತ್ತದೆ. 400 ನ್ಯಾನೊಮೀಟರಿನಲ್ಲಿ ಅಬ್ಸಾರ್ಬೆನ್ಸ್ 1.2 ಇದ್ದರೆ ಲೀಟರಿಗೆ ಸುಮಾರು 100 ಮಿಲಿಗ್ರಾಂ ಚಿನ್ನ ಇದೆ. ತಗಡನ್ನು ಮೊದಲೂ ಆಮೇಲೂ ತೂಕ ಮಾಡಿ ತಾಳೆ ನೋಡಿ.

ಕೆಮಿಸ್ಟ್ರಿ_ಗೆಳೆಯ:
ಇಷ್ಟೆಲ್ಲಾ ಯಾಕೆ? ಟರ್ಕೆವಿಚ್ 1951ರಲ್ಲೇ ಹೇಳಿದ ಸಿಟ್ರೇಟ್ ವಿಧಾನ ಇದೆಯಲ್ಲಾ, ಚಿನ್ನದ ಲವಣದ ದ್ರಾವಣ ಕುದಿಸಿ ಸಿಟ್ರೇಟ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಕೆಂಪು ದ್ರಾವಣ ರೆಡಿ. ಸೈಜ್ ಕೂಡ ಅದರಲ್ಲೇ ಒಂದೇ ಸಮ.

ಕೊಲಾಯ್ಡ್_ಕಾಕಾ:
ಸೈಜಿನ ಮಾತು ಒಪ್ಪುತ್ತೇನೆ. ಆದರೆ ಅವರಿಗೆ ಬೇಕಾಗಿರುವುದು ಬರಿಯ ಚಿನ್ನದ ಮೈ. ಸಿಟ್ರೇಟ್ ಕಣದ ಮೇಲೆ ಸಿಟ್ರೇಟ್ ಕೂತೇ ಇರುತ್ತದೆ. 1993ರಲ್ಲಿ ನೆಡರ್ಸನ್, ಚುಮನೋವ್, ಕಾಟನ್ ಲೋಹಗಳಿಗೆ ಲೇಸರ್ ಹೊಡೆದು ಕೊಲಾಯ್ಡ್ (ಸಣ್ಣ ಕಣಗಳು ತೇಲುವ ದ್ರಾವಣ) ಮಾಡಿದ್ದೇ ಈ ರಾಮನ್ ಕೆಲಸಕ್ಕೆ. ಅದಕ್ಕೂ ಮೊದಲು, 1987ರಲ್ಲಿ, ಪುಣೆಯ ಓಗಲೆ ಮತ್ತು ಜೊತೆಗಾರರು ನೀರೊಳಗಿನ ಕಬ್ಬಿಣಕ್ಕೆ ಲೇಸರ್ ಹೊಡೆದು ಅದರ ಆಕ್ಸೈಡ್ ಬಗ್ಗೆ ಬರೆದಿದ್ದಾರೆ. ಈ ಕ್ಷೇತ್ರದ ಶುರುವಿನ ಕೆಲಸಗಳಲ್ಲಿ ಅದೂ ಒಂದು, ನಮ್ಮ ದೇಶದ್ದು. ಖಂಡಿತ ಓದಿ.

ಎಂಎಸ್ಸಿ_ಹುಡುಗಿ:
ತುಂಬಾ ಥ್ಯಾಂಕ್ಸ್. ನಾಳೆಯೇ 1064ರಲ್ಲಿ, ಉಪ್ಪು ಹಾಕಿ ಒಂದು, ಹಾಕದೆ ಒಂದು ಮಾಡಿ ನೋಡುತ್ತೇನೆ. ಲ್ಯಾಬಿನಲ್ಲಿರುವ ಕಿತ್ತಳೆ ಬಣ್ಣದ ಕನ್ನಡಕ ಸಾಕಲ್ವಾ?

ಬೆಳಕಿನ_ಬೆನ್ನುಹತ್ತಿ:
ನಿಲ್ಲಿ. ಬಣ್ಣ ನೋಡಿ ಹೇಳಲಾಗದು. 532ಕ್ಕೆ ಮಾತ್ರ ಮಾಡಿದ ಕನ್ನಡಕ 1064ನ್ನು ತಡೆಯದೇ ಇರಬಹುದು. 1064 ಕಣ್ಣಿಗೆ ಕಾಣುವುದಿಲ್ಲ, ರೆಪ್ಪೆ ಮುಚ್ಚುವುದೂ ಇಲ್ಲ, ನೇರ ರೆಟಿನಾಕ್ಕೆ ಹೋಗುತ್ತದೆ. ನೀರಿನ ಮೇಲ್ಮೈ, ತಗಡು ಎರಡರಿಂದಲೂ ಬೆಳಕು ಮೇಲಕ್ಕೆ ವಾಪಸ್ ಬರುತ್ತದೆ, ಆದ್ದರಿಂದ ಬೀಕರಿನೊಳಗೆ ಬಗ್ಗಿ ನೋಡಲೇಬೇಡಿ. ಕನ್ನಡಕದ ಗಾಜಿನ ಅಂಚಿನಲ್ಲೋ ಫ್ರೇಮಿನಲ್ಲೋ ತರಂಗಾಂತರ ಮತ್ತು ಓಡಿ ಸಂಖ್ಯೆ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಬರೆದಿರುತ್ತದೆ. ಅದನ್ನು ಇಲ್ಲಿ ಹಾಕಿ, ಪಲ್ಸ್ ಎನರ್ಜಿ ಎಷ್ಟು ಎಂದೂ ತಿಳಿಸಿ. ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಲೇಸರ್ ಆನ್ ಮಾಡಬೇಡಿ.