ಗುರಿ ಅಭ್ಯಾಸಕ್ಕೆ ಹಳೆಯ ಮಿಲಿಟರಿ ರೈಫಲ್: ಮಿತವಾದ ಹಣದಲ್ಲಿ ಯಾವುದನ್ನು ಕೊಳ್ಳಬಹುದು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಓಹಾಯೋ ರಾಜ್ಯದ ಕೊಲಂಬಸ್ ಬಳಿ ಹನ್ನೊಂದು ವರ್ಷಗಳಿಂದ ವಾಸವಾಗಿದ್ದೇನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಬಂದಿದೆ. ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್‌ನಿಂದ ಕೆಲವು ಗುಂಡು ಹಾರಿಸಿದ್ದೆ. ಆ ಆಸಕ್ತಿ ಇಷ್ಟು ವರ್ಷ ಒಳಗೇ ಉಳಿದಿತ್ತು. ಈಗ ಸಹೋದ್ಯೋಗಿಯೊಬ್ಬರ ಜೊತೆ ಇಲ್ಲಿನ ಬಯಲು ರೇಂಜ್‌ಗೆ ಹೋಗಲು ಆರಂಭಿಸಿದ್ದೇನೆ, ಸುರಕ್ಷತಾ ತರಬೇತಿಯನ್ನೂ ಮುಗಿಸಿದ್ದೇನೆ.

ದುರ್ಬೀನು ಇಲ್ಲದೆ, ಗುರಿ ನೋಡಲು ರೈಫಲ್‌ನ ಮೇಲೆಯೇ ಇರುವ ಲೋಹದ ಸೈಟ್‌ನಿಂದಲೇ 100 ಗಜದಲ್ಲಿ, ಮುಂದೆ 200 ಗಜದಲ್ಲಿ ಕಾಗದದ ಗುರಿಗೆ ಹೊಡೆಯಲು ಒಂದು ಹಳೆಯ ಮಿಲಿಟರಿ ಬೋಲ್ಟ್ ರೈಫಲ್ (ಒಂದೊಂದು ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳುವಂಥದ್ದು) ಕೊಳ್ಳಬೇಕೆಂದಿದ್ದೇನೆ. ಬೇಟೆಯ ಉದ್ದೇಶವಿಲ್ಲ, ಸಂಗ್ರಹದ ಹವ್ಯಾಸವೂ ಇಲ್ಲ. ರೈಫಲ್‌ಗೆ 700 ಡಾಲರ್ ಮೀಸಲಿಟ್ಟಿದ್ದೇನೆ. ತಿಂಗಳಿಗೆ ಸುಮಾರು 40 ಗುಂಡು ಹಾರಿಸುವ ಅಂದಾಜಿದೆ. ಹತ್ತಿರದ ಅಂಗಡಿಯೊಂದರಲ್ಲಿ ರಷ್ಯಾದ ಮೋಸಿನ್-ನಾಗಾಂತ್ 91/30 ರೈಫಲ್ 400 ಡಾಲರ್‌ಗೆ ಇದೆ. ಮರಕ್ಕೆಲ್ಲ ಕೆಂಪು ಮೆರುಗು ಬಳಿದು ಹೊಸದರಂತೆ ಹೊಳೆಯುತ್ತಿದೆ. ಎಲ್ಲಕ್ಕಿಂತ ಅಗ್ಗವೆಂದರೆ ಇದೇ ಎಂದು ಅಂಗಡಿಯವರು ಹೇಳಿದರು. ಇದನ್ನೇ ಕೊಳ್ಳಬಹುದೇ, ಅಥವಾ ಬೇರೆ ಯಾವುದನ್ನಾದರೂ ನೋಡಬೇಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಈರಿ ಸರೋವರ

ತುಂಗಾತೀರ ಅವರೇ, ರೈಫಲ್‌ನ ಬೆಲೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮೊದಲು ಗುಂಡಿನ ಬೆಲೆಯನ್ನು ಲೆಕ್ಕ ಹಾಕಿ. ತಿಂಗಳಿಗೆ 40 ಎಂದರೆ ವರ್ಷಕ್ಕೆ 480 ಗುಂಡು. ಒಂದಕ್ಕೆ ಒಂದು ಡಾಲರ್ ಎಂದು ಹಿಡಿದರೂ ಎರಡು ವರ್ಷದೊಳಗೆ ನೀವು ರೈಫಲ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣವನ್ನು ಗುಂಡಿಗೇ ಕೊಟ್ಟಿರುತ್ತೀರಿ. ಆದ್ದರಿಂದ ನನ್ನ ಮಟ್ಟಿಗೆ ಅಗ್ಗದ ರೈಫಲ್ ಎಂದರೆ ಗುಂಡು ಸುಲಭವಾಗಿ ಸಿಗುವ, ನಳಿಕೆ ಚೆನ್ನಾಗಿರುವ ರೈಫಲ್. ಅಂಗಡಿಯ ಚೀಟಿಯಲ್ಲಿ ಕಡಿಮೆ ಅಂಕಿ ಇರುವುದಲ್ಲ.

ಮೋಸಿನ್‌ಗೆ ಅಗ್ಗದ್ದೆಂಬ ಹೆಸರು ಬಂದದ್ದು ಹಿಂದಿನ ಕಾಲದಲ್ಲಿ. 2010ರ ಸುಮಾರಿಗೆ ನಾನು ನನ್ನದನ್ನು ನೂರು ಡಾಲರ್‌ಗೂ ಕಡಿಮೆಗೆ ಕೊಂಡಿದ್ದೆ. ಸೀಲು ಮಾಡಿದ ತಗಡಿನ ಡಬ್ಬಿಗಳಲ್ಲಿ 440 ಗುಂಡು ಒಟ್ಟಿಗೆ ಅತಿ ಕಡಿಮೆ ದರಕ್ಕೆ ಸಿಗುತ್ತಿತ್ತು. ಆ ದಾಸ್ತಾನು ಕರಗಿತು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಗುಂಡುಗಳ ಹೊಸ ಆಮದಿಗೆ ತಡೆ ಹಾಕಿತು, ಮರು ವರ್ಷ ಯುಕ್ರೇನ್ ಯುದ್ಧವೂ ಆರಂಭವಾಯಿತು. ಈಗ ಮೋಸಿನ್‌ನ 7.62×54 ಗುಂಡು ಉಳಿದ ಹಳೆಯ ಮಿಲಿಟರಿ ಗುಂಡುಗಳಷ್ಟೇ ದುಬಾರಿ. ಇನ್ನೊಂದು ತೊಡಕಿದೆ: ಹಳೆಯ ದಾಸ್ತಾನಿನ ಗುಂಡುಗಳಲ್ಲಿ ಹೆಚ್ಚಿನವು ಉಕ್ಕಿನ ತಿರುಳು ಅಥವಾ ಉಕ್ಕಿನ ಹೊದಿಕೆ ಉಳ್ಳವು. ಅನೇಕ ರೇಂಜ್‌ಗಳಲ್ಲಿ ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡುತ್ತಾರೆ, ಅಂಟಿದರೆ ಒಳಗೆ ಬಿಡುವುದಿಲ್ಲ. ನಿಮ್ಮ ರೇಂಜ್‌ನ ನಿಯಮವನ್ನು ಮೊದಲೇ ಕೇಳಿಕೊಳ್ಳಿ.

ಹೊಳಪಿನ ಬಗ್ಗೆಯೂ ಹೇಳಬೇಕು. ಯುದ್ಧ ಮುಗಿದ ಮೇಲೆ ಸೋವಿಯತ್ ಶಸ್ತ್ರಾಗಾರಗಳಲ್ಲಿ ಈ ರೈಫಲ್‌ಗಳನ್ನು ಬಿಚ್ಚಿ, ಬೇರೆ ಬೇರೆ ರೈಫಲ್‌ಗಳ ಭಾಗಗಳನ್ನು ಕೂಡಿಸಿ, ಸಂಖ್ಯೆಗಳನ್ನು ಹೊಸದಾಗಿ ಒತ್ತಿ, ಮರಕ್ಕೆ ಅರಗಿನ ಮೆರುಗು ಬಳಿದು, ಗ್ರೀಸ್ ಮೆತ್ತಿ ಉಗ್ರಾಣಕ್ಕೆ ಹಾಕಿದರು. ಆ ಮೆರುಗು ನಳಿಕೆಯ ಒಳಗಿನ ಸ್ಥಿತಿಯನ್ನು ತಿಳಿಸುವುದಿಲ್ಲ. ಇದಕ್ಕೆ ತದ್ವಿರುದ್ಧವಾದುದು ಸ್ವಿಟ್ಜರ್‌ಲ್ಯಾಂಡ್‌ನ ಕೆ31. ಅದರ ಬುಡದ ಮರ ಸಾಮಾನ್ಯವಾಗಿ ಹಿಮ, ಕೆಸರು, ಬೂಟಿನ ಒದೆತಗಳಿಗೆ ಸಿಕ್ಕಿ ಕಪ್ಪಾಗಿ ಚಿಂದಿಯಾಗಿರುತ್ತದೆ. ಒಳಗಿನ ನಳಿಕೆ ಮಾತ್ರ ಕನ್ನಡಿಯಂತಿರುತ್ತದೆ, ಏಕೆಂದರೆ ಆ ಸೈನಿಕರು ರೈಫಲ್ಲನ್ನು ಮನೆಯಲ್ಲಿಟ್ಟುಕೊಂಡು ವರ್ಷವರ್ಷವೂ ಗುರಿ ಪರೀಕ್ಷೆಗೆ ಬರಬೇಕಿತ್ತು ಮತ್ತು ಅವರ ಜಿಪಿ11 ಗುಂಡಿನಲ್ಲಿ ತುಕ್ಕು ಹಿಡಿಸುವ ಉಪ್ಪು ಇರಲಿಲ್ಲ. ಬೋಲ್ಟನ್ನು ಮೇಲೆತ್ತಿ ತಿರುಗಿಸುವ ಕೆಲಸವಿಲ್ಲ. ನೇರವಾಗಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರಾಯಿತು. ಆರು ಗುಂಡಿನ ಮ್ಯಾಗಜಿನ್ ಬಿಚ್ಚಿ ತೆಗೆಯಲು ಬರುತ್ತದೆ. ಸೈಟ್‌ನಲ್ಲಿರುವ ದೂರದ ಗುರುತುಗಳು 100 ಮೀಟರ್‌ನಿಂದಲೇ ಆರಂಭವಾಗುತ್ತವೆ, ಇದು ನಿಮಗೆ ಬಹಳ ಮುಖ್ಯ. ನನ್ನ ರೈಫಲ್‌ನ ಬುಡದ ತಗಡು ಬಿಚ್ಚಿದಾಗ, ಅದನ್ನು ಹೊತ್ತ ಸೈನಿಕನ ಹೆಸರು ಮತ್ತು ಊರು ಇದ್ದ ಚಿಕ್ಕ ಕಾಗದವೊಂದು ಸಿಕ್ಕಿತು. ಅದನ್ನು ತೆಗೆಯಲು ಮನಸ್ಸಾಗದೆ ಹಾಗೆಯೇ ಇಟ್ಟು ತಗಡು ಮುಚ್ಚಿದೆ.

ಕೆ31 ಈಗ 700 ಡಾಲರ್ ಒಳಗೆ ಸಿಗುವುದು ಸುಲಭವಲ್ಲ, ಹುಡುಕಬೇಕು. ಅದರ 7.5×55 ಗುಂಡನ್ನು ಸರ್ಬಿಯಾದ ಉಝಿತ್ಸೆಯಲ್ಲಿರುವ ಪ್ರ್ವಿ ಪಾರ್ತಿಜಾನ್ ಕಾರ್ಖಾನೆ ಇಂದಿಗೂ ತಯಾರಿಸುತ್ತಿದೆ. ಖಾಲಿ ಹಿತ್ತಾಳೆ ಕೋಶಗಳನ್ನು ಎಸೆಯದೆ ಕೂಡಿಡಿ. ಮುಂದೆ ಮನೆಯಲ್ಲೇ ಮರುತುಂಬಲು ಕಲಿತರೆ ವೆಚ್ಚ ಗಣನೀಯವಾಗಿ ಇಳಿಯುತ್ತದೆ.

ಯುಗೊಸ್ಲಾವಿಯಾದ ಎಂ48 ಮೌಸರ್ ಕೂಡ ನಿಮ್ಮ ಹಣಕ್ಕೆ ಒದಗಬಹುದು. ಗಟ್ಟಿಮುಟ್ಟಾದ ರೈಫಲ್, ಆದರೆ ಅದರ ಸೈಟ್ 200 ಮೀಟರ್‌ನಿಂದ ಆರಂಭವಾಗುವುದರಿಂದ 100 ಗಜದಲ್ಲಿ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ. ಸ್ವೀಡನ್ನಿನ ಎಂ96 ಅತ್ಯಂತ ನಿಖರವಾದುದು, ಹೆಗಲಿಗೆ ಒದೆಯುವುದೂ ಕಡಿಮೆ. ನಾನು ಇತ್ತೀಚೆಗೆ ನೋಡಿದ ಒಳ್ಳೆಯವೆಲ್ಲ ನಿಮ್ಮ ಮಿತಿಯನ್ನು ಮೀರಿದ್ದವು. ಆಸ್ಟ್ರಿಯಾದ ಎಂ95 ಅಗ್ಗವಾಗಿ ಕಂಡರೂ ಮುಟ್ಟಬೇಡಿ, ಅದರ 8×56 ಗುಂಡು ಹುಡುಕುವುದರಲ್ಲೇ ನಿಮ್ಮ ವಾರಾಂತ್ಯಗಳು ಕಳೆದುಹೋಗುತ್ತವೆ.

ಉತ್ತರ: ಡೇಟನ್ ನಿವಾಸಿ

ಕಾನೂನಿನ ಕೆಲವು ಮಾತುಗಳನ್ನಷ್ಟೇ ಸೇರಿಸುತ್ತೇನೆ. ಅಮೆರಿಕದ ಸೇನೆಯ ಎಂ1 ಗ್ಯಾರಂಡ್ ರೈಫಲ್‌ಗಳನ್ನು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಮಾರುತ್ತದೆಂದು ಯಾರಾದರೂ ಹೇಳಿದರೆ ತಿಳಿದಿರಲಿ: ಅದು ಅಮೆರಿಕದ ಪೌರರಿಗೆ ಮಾತ್ರ ಮಾರುತ್ತದೆ, ಗ್ರೀನ್ ಕಾರ್ಡ್ ಸಾಲದು. ಅಂಗಡಿಯಲ್ಲಿ ಕೊಳ್ಳಲು ನಿಮಗೆ ಆ ತಡೆಯಿಲ್ಲ. ಅರ್ಜಿ ತುಂಬಿ ಹಿನ್ನೆಲೆ ತಪಾಸಣೆ ಮುಗಿಸಿದರಾಯಿತು.

ಇದನ್ನು ಓದುವ ಹೆಚ್-1ಬಿ ಮೊದಲಾದ ವೀಸಾದಲ್ಲಿರುವ ಮಿತ್ರರು ಮಾತ್ರ ಜಾಗ್ರತೆ ವಹಿಸಬೇಕು. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಂಥವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಫೆಡರಲ್ ಕಾನೂನಿನಂತೆ ಅಪರಾಧ. ಗೆಳೆಯರ ರೈಫಲ್ಲನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ವಕೀಲರನ್ನು ಕೇಳಿ.

ಇನ್ನು, 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಬಂದೂಕುಗಳಿಗೆಂದೇ ಕ್ಯೂರಿಯೋ ಅಂಡ್ ರೆಲಿಕ್ ಎಂಬ ಸಂಗ್ರಾಹಕರ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಒಂದೇ ರೈಫಲ್ ಕೊಳ್ಳುವವರಿಗೆ ಇದು ಬೇಕಾಗಿಲ್ಲ.

ಉತ್ತರ: ಬಾಣೆ ಮನೆ

ಈರಿ ಸರೋವರ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಅವರು ಒಂದು ರೈಫಲ್ಲನ್ನು ಬಿಟ್ಟಿದ್ದಾರೆ, ಅದೂ ನಮ್ಮ ದೇಶದ್ದನ್ನೇ. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ 1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ತಯಾರಾದ 2ಎ ಮತ್ತು 2ಎ1 ರೈಫಲ್‌ಗಳು ಅಮೆರಿಕಕ್ಕೂ ಸಾಕಷ್ಟು ಬಂದಿವೆ. ನಮ್ಮೂರಿನ ಪೊಲೀಸ್ ಠಾಣೆಗಳಲ್ಲಿ ಕಂಡ ತ್ರೀ ನಾಟ್ ತ್ರೀ ಲೀ-ಎನ್‌ಫೀಲ್ಡ್‌ನದೇ ರೂಪ, ಅದೇ ನುಣುಪಾದ ಬೋಲ್ಟ್; ಆದರೆ ಇದು .303 ಬದಲು 7.62 ನೇಟೋ ಗುಂಡಿಗಾಗಿ ಇನ್ನೂ ಬಲವಾದ ಉಕ್ಕಿನಲ್ಲಿ ಮಾಡಿದ್ದು, 12 ಗುಂಡಿನ ಮ್ಯಾಗಜಿನ್ ಉಳ್ಳದ್ದು. ಈ ಗುಂಡು ಅಮೆರಿಕದ ಎಲ್ಲ ಊರುಗಳಲ್ಲೂ ಸಿಗುತ್ತದೆ. 2ಎ1ರ ಸೈಟ್‌ನ ಮೇಲಿನ ಮಿತಿಯನ್ನು 2000ದಿಂದ 800 ಮೀಟರ್‌ಗೆ ಇಳಿಸಿದ್ದಾರೆ. ಹೊರ ಅಳತೆಯಲ್ಲಿ ಇದನ್ನೇ ಹೋಲುವ, ಬೇಟೆಗೆಂದು ಮಾರುವ ಭಾರವಾದ .308 ಗುಂಡುಗಳನ್ನು ಅದಕ್ಕೆ ಹಾಕಬೇಡಿ. ಸೇನೆಯ ಮಾದರಿಯ 147 ಗ್ರೇನ್ ತೂಕದ ಗುಂಡಿಗೇ ನಿಲ್ಲಿ. ಮೈಮೇಲೆ ಎಲ್ಲಿಯಾದರೂ ಡಿ.ಪಿ. ಎಂಬ ಅಕ್ಷರಗಳಿದ್ದರೆ ಅದು ಕವಾಯತಿಗೆಂದು ಬದಿಗಿಟ್ಟ ರೈಫಲ್, ಅದರಿಂದ ಗುಂಡು ಹಾರಿಸಲೇಬಾರದು.

ಯಾವುದನ್ನು ಆರಿಸಿದರೂ ಬೋಲ್ಟ್ ಹೊರತೆಗೆದು, ಚಿಕ್ಕ ಟಾರ್ಚ್ ಹಿಡಿದು ನಳಿಕೆಯನ್ನು ನೋಡಿ. ಸುರುಳಿಗೆರೆಗಳ ಅಂಚು ಚೂಪಾಗಿ ಕಾಣಬೇಕು. ಸ್ವಲ್ಪ ಮಬ್ಬಾಗಿದ್ದರೆ ಚಿಂತೆಯಿಲ್ಲ. ಕುಳಿಗಳಿದ್ದರೆ, ಗೆರೆಗಳು ಸವೆದು ದುಂಡಾಗಿದ್ದರೆ ಬಿಟ್ಟುಬಿಡಿ. ನಳಿಕೆಯ ತುದಿಯೇ ಎಲ್ಲಕ್ಕಿಂತ ಮುಖ್ಯ. ಮುಂದಿನಿಂದ ಶುದ್ಧಿ ಕಡ್ಡಿ ತೂರಿಸಿ ತೂರಿಸಿ ಅಲ್ಲಿ ಸವೆದಿರುತ್ತದೆ. ತೋಟಾದ ಗುಂಡಿನ ಮೊನೆಯನ್ನು ತುದಿಯಲ್ಲಿಟ್ಟು ಒಂದು ಅಂದಾಜು ಮಾಡಬಹುದು: ಲೋಹದ ಕೋಶದವರೆಗೂ ಅದು ಒಳಗಿಳಿದರೆ ಸವೆತ ಹೆಚ್ಚಾಗಿದೆ ಎಂದರ್ಥ. ಬಂದೂಕು ಅಲ್ಲಾಡದಂತೆ ಹಿಡಿದು, ಒಳಗೆ ಬೇರೇನೂ ಇಲ್ಲವೆಂದು ಎರಡು ಸಲ ನೋಡಿಕೊಂಡೇ ಇದನ್ನು ಮಾಡಬೇಕು. ಜೊತೆಗೆ ಬೋಲ್ಟ್ ಮತ್ತು ತೋಟಾ ಕೂರುವ ಕೋಣೆಯ ನಡುವಿನ ಅಂತರವನ್ನು ಗೇಜ್ ಎಂಬ ಅಳತೆಯ ಸಾಧನ ಹಾಕಿ ನೋಡಲು ಬಂದೂಕು ದುರಸ್ತಿ ಮಾಡುವ ಗನ್‌ಸ್ಮಿತ್‌ಗೆ ಒಮ್ಮೆ ಕೊಡಿ. ಇಲ್ಲಿ ಉಳಿಸುವ ಹಣ ಉಳಿತಾಯವಲ್ಲ.

ಶುದ್ಧಗೊಳಿಸುವ ವಿಷಯವನ್ನು ಯಾರೂ ಎತ್ತಲಿಲ್ಲ. ಜಿಪಿ11ನಂಥವನ್ನು ಬಿಟ್ಟರೆ, ಹಳೆಯ ಮಿಲಿಟರಿ ಗುಂಡುಗಳಲ್ಲಿ ಹೆಚ್ಚಿನವುಗಳ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಿಲ್ಲೆಯಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಸಿಡಿದಾಗ ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ಒಂದು ಬಗೆಯ ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವಂತೆಯೇ ಗಾಳಿಯ ತೇವವನ್ನು ಎಳೆದುಕೊಂಡು ನಳಿಕೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಈ ಉಪ್ಪನ್ನು ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. ಕೊಡಗಿನ ನಮ್ಮ ಮನೆಯಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸುವ ಮುನ್ನ ಅಜ್ಜ ಕೇಪಿನ ಕೋವಿಯ ನಳಿಕೆಗೆ ಕುದಿಯುವ ನೀರು ಹುಯ್ದು ತೊಳೆಯುತ್ತಿದ್ದರು. ಅದು ಕರಿಮದ್ದಿನ ಮಸಿ, ಇದು ಪ್ರೈಮರ್‌ನ ಉಪ್ಪು, ಆದರೆ ಪರಿಹಾರ ಒಂದೇ. ಬಿಸಿನೀರು ಹುಯ್ಯಿರಿ, ನಳಿಕೆಯ ಬಿಸಿಗೆ ತೇವ ಬೇಗ ಆರುತ್ತದೆ, ಬಟ್ಟೆಯಿಂದ ಒರೆಸಿ ಆಮೇಲೆ ಎಣ್ಣೆ ಹಚ್ಚಿ. ಬೋಲ್ಟ್‌ನ ಮುಖವನ್ನೂ ಮರೆಯಬೇಡಿ. ರೇಂಜ್‌ನಿಂದ ಬಂದ ದಿನವೇ ಇದನ್ನು ಮಾಡಬೇಕು. ಮರುದಿನಕ್ಕೆ ಮುಂದೂಡಿ ನಾನು ಒಂದು ಒಳ್ಳೆಯ ನಳಿಕೆಯನ್ನು ಕಳೆದುಕೊಂಡಿದ್ದೇನೆ, ಇಂದಿಗೂ ಅದರ ನೋವಿದೆ.

ಮರುಪ್ರಶ್ನೆ: ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅಂಗಡಿಗೆ ಹೋಗಿ ಮೋಸಿನ್‌ನ ನಳಿಕೆಯನ್ನು ನೋಡಿದೆ. ಮಧ್ಯಭಾಗದಲ್ಲಿ ಗೆರೆಗಳು ಕಂಡವು, ತುದಿಯ ಒಂದಂಗುಲದಲ್ಲಿ ಗೆರೆಗಳೇ ಇರಲಿಲ್ಲ, ಬೈರಿಗೆಯಿಂದ ಕೊರೆದಂತೆ ನುಣ್ಣಗಿತ್ತು. ಇದು ಸವೆತವೇ? ಬೇರೊಂದು ಊರಿನ ಅಂಗಡಿಯಲ್ಲಿ ಈಶಾಪುರದ 2ಎ1 ಒಂದು 550 ಡಾಲರ್‌ಗೆ ಇದೆಯೆಂದು ತಿಳಿಯಿತು. ಕೆ31ಗಾಗಿ ಕಾಯಬೇಕೇ, ಇದನ್ನೇ ನೋಡಬೇಕೇ?

ಉತ್ತರ: ಈರಿ ಸರೋವರ

ಅದು ಸವೆತವಲ್ಲ. ತುದಿ ಸವೆದಿದ್ದ ನಳಿಕೆಯನ್ನು ಶಸ್ತ್ರಾಗಾರದವರು ಬೇಕೆಂದೇ ಒಳಗಿನವರೆಗೆ ಕೊರೆದು, ಗುಂಡು ಹೊರಬೀಳುವ ಅಂಚನ್ನು ಹೊಸದಾಗಿ ಮಾಡಿದ್ದಾರೆ. ಅಂಥ ಮೋಸಿನ್‌ಗಳು ಎಷ್ಟೋ ಸಲ ಚೆನ್ನಾಗಿಯೇ ಹೊಡೆಯುತ್ತವೆ. ಆದರೂ ನಿಮ್ಮ ಸ್ಥಾನದಲ್ಲಿದ್ದರೆ ನಾನು 2ಎ1 ನೋಡಲು ಹೋಗುತ್ತೇನೆ. ಬಾಣೆ ಮನೆಯವರು ಅದನ್ನು ನೆನಪಿಸಿದ್ದು ಸರಿಯಾಯಿತು. ನಿಖರತೆಯಲ್ಲಿ ಕೆ31 ಮುಂದಿದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಕಲಿಯುವವರಿಗೆ ಬೇಕಾದದ್ದು ಹೆಚ್ಚು ಅಭ್ಯಾಸ, ಅಭ್ಯಾಸಕ್ಕೆ ಬೇಕಾದದ್ದು ಸುಲಭವಾಗಿ ಸಿಗುವ ಗುಂಡು. ಉಳಿಯುವ 150 ಡಾಲರ್‌ನಲ್ಲಿ ಗೇಜ್ ತಪಾಸಣೆಯನ್ನೂ ಮೊದಲ ಪೆಟ್ಟಿಗೆ ಗುಂಡನ್ನೂ ಮುಗಿಸಬಹುದು.

ಉತ್ತರ: ತುಂಗಾತೀರ

ಶನಿವಾರ ಬೆಳಿಗ್ಗೆ ಹೋಗುತ್ತೇನೆ. ಟಾರ್ಚನ್ನೂ ತೆಗೆದುಕೊಂಡು ಹೋಗುವೆ, ಡಿ.ಪಿ. ಅಕ್ಷರಗಳಿವೆಯೇ ಎಂದು ಮೊದಲು ಹುಡುಕುವೆ. ನಳಿಕೆಯ ಚಿತ್ರ ತೆಗೆಯಲು ಬಂದರೆ ಇಲ್ಲಿಯೇ ಹಾಕುತ್ತೇನೆ. ಹಣ ಕೊಡುವ ಮುನ್ನ ನೀವಿಬ್ಬರೂ ಒಮ್ಮೆ ನೋಡಿ ಹೇಳಿದರೆ ನನಗೆ ಧೈರ್ಯ ಬರುತ್ತದೆ.